‘ಸೊಕ್ಕು’ ಅಂತ ಬರೆದದ್ದಕ್ಕೆ ಮಗಳ ಅಂಕ ಹೋಯ್ತು: ಇದು ನಿಜಕ್ಕೂ ಕೀಳು ಪದವೇ? ಎಲ್ಲಿಂದ ಬಂತು?

ಗೋಡೆಗುಬ್ಬಿ
ಎಲ್ಲರಿಗೂ ನಮಸ್ಕಾರ. ನಮ್ಮದು ಮೂಲ ತೀರ್ಥಹಳ್ಳಿ ಕಡೆ, ಈಗ ಬೆಂಗಳೂರಲ್ಲಿದ್ದೀವಿ. ಮಗಳು ಆರನೇ ಕ್ಲಾಸು. ಮೊನ್ನೆ ಕನ್ನಡ ಕಿರುಪರೀಕ್ಷೆಯಲ್ಲಿ ‘ಗರ್ವ’ ಪದದ ಅರ್ಥ ಕೇಳಿದ್ದರು. ಇವಳು ‘ಸೊಕ್ಕು’ ಅಂತ ಬರೆದಿದ್ದಾಳೆ. ಅದಕ್ಕೆ ಕೆಂಪು ಗೆರೆ ಎಳೆದು, ಪಕ್ಕದಲ್ಲಿ ‘ಅಹಂಕಾರ’ ಅಂತ ತಿದ್ದಿ, ‘ಕೀಳು ಮಾತು ಬಳಸಬಾರದು’ ಅಂತ ಬರೆದಿದ್ದಾರೆ. ಅರ್ಧ ಅಂಕ ಹೋಯ್ತು, ಅದು ದೊಡ್ಡ ವಿಷಯ ಅಲ್ಲ. ಅವಳು ಮನೆಗೆ ಬಂದು ‘ಅಜ್ಜಿ ಕೆಟ್ಟ ಮಾತು ಕಲಿಸಿದ್ರಾ ಅಮ್ಮಾ?’ ಅಂತ ಕೇಳಿದಾಗ ನನಗೆ ಎದೆ ಚುರ್ ಅಂತು. ನಮ್ಮಮ್ಮ ದಿನಕ್ಕೆ ಹತ್ತು ಸಲ ಈ ಪದ ಆಡ್ತಾರೆ. ಬೆಕ್ಕಿಗೆ, ಕರುವಿಗೆ, ನನಗೆ, ಯಾರಿಗಾದರೂ ಸರಿ.

ಬಲ್ಲವರು ಹೇಳಿ. ಸೊಕ್ಕು ಬರೀ ಬೈಗುಳವಾ? ಎಲ್ಲಿಂದ ಬಂದ ಪದ? ಅಹಂಕಾರಕ್ಕೂ ಇದಕ್ಕೂ ಏನು ವ್ಯತ್ಯಾಸ?

ಧಾರವಾಡ_ಫೇಡೆ
ಕೀಳು ಮಾತಂತ? ನಮ್ಮ ಕಡೆ ಈ ಪದ ಇಲ್ದ ಒಂದು ದಿನಾನೂ ಹೋಗಂಗಿಲ್ರಿ.

ನಿಘಂಟು_ಹುಳ
ಬರೀ ಬೈಗುಳ ಖಂಡಿತ ಅಲ್ಲ. ಕೀಳು ಅಂತೂ ಅಲ್ಲವೇ ಅಲ್ಲ. ಹಳಗನ್ನಡದಲ್ಲಿ ಇದರ ರೂಪ ‘ಸೊರ್ಕು’. ‘ಮರ್ದು’ ಹೋಗಿ ‘ಮದ್ದು’ ಆಯ್ತಲ್ಲ, ‘ಇರ್ದ’ ಹೋಗಿ ‘ಇದ್ದ’ ಆಯ್ತಲ್ಲ, ಅದೇ ದಾರಿಯಲ್ಲಿ ಸೊರ್ಕು ‘ಸೊಕ್ಕು’ ಆಗಿದೆ. ನಡುವಿನ ರಕಾರ ಬಿದ್ದುಹೋಗಿ ಪಕ್ಕದ ಅಕ್ಷರ ಒತ್ತಾಗೋದು ಕನ್ನಡದಲ್ಲಿ ಸಾವಿರ ವರ್ಷದ ಹಾದಿಯಲ್ಲಿ ನಡೆದ ದೊಡ್ಡ ಬದಲಾವಣೆ. ಅಂದರೆ ನಿಮ್ಮಮ್ಮನ ಬಾಯಲ್ಲಿರೋದು ಅಚ್ಚಗನ್ನಡ, ಅದೂ ಕಾವ್ಯಗಳಲ್ಲಿ ಓಡಾಡಿದ ಪದ.

ಅರ್ಥಕ್ಕೆ ಬಂದರೆ, ಮೊದಲ ಅರ್ಥ ಅಹಂಕಾರ ಅಲ್ಲ. ಅಮಲು, ಮತ್ತು. ಎರಡನೆಯದು ಆನೆಗೆ ಬರುವ ಮದ. ಗರ್ವ ಅನ್ನೋದು ಅದರ ಮೇಲೆ ಬೆಳೆದ ಅರ್ಥ. 1894ರಲ್ಲಿ ಮಂಗಳೂರಲ್ಲಿ ಅಚ್ಚಾದ ಕಿಟೆಲ್ ನಿಘಂಟು ಸಿಕ್ಕರೆ ಮಗಳಿಗೆ ತೋರಿಸಿ. ಅಲ್ಲಿ ಸೊಕ್ಕು ಇದೆ, ಯಾವ ಮುಜುಗರವೂ ಇಲ್ಲದೆ ಇದೆ.

ಅಡಿಕೆತೋಟ
ಅಮಲು ಅನ್ನೋ ಅರ್ಥ ಹಳೇ ಕಾವ್ಯಕ್ಕೆ ಮುಗೀಲಿಲ್ಲ, ನಮ್ಮ ಮನೆ ಕವಳದ ಬಟ್ಟಲಲ್ಲಿ ಇವತ್ತಿಗೂ ಇದೆ. ಅಡಿಕೆ ಸೊಕ್ಕೋದು ಅಂತ ಕೇಳಿಲ್ವಾ? ಕೆಲವು ಅಡಿಕೆ ಹೋಳು ಬಾಯಿಗೆ ಹಾಕಿದ ಕೂಡಲೇ ಕಿವಿ ಬಿಸಿಯಾಗಿ, ಹಣೆ ಬೆವತು, ಗಂಟಲು ಹಿಡಿದ ಹಾಗಾಗಿ ತಲೆ ಗಿರ್ ಅನ್ನುತ್ತೆ. ‘ಅಡಿಕೆ ಸೊಕ್ಕಿತು’ ಅಂತೀವಿ. ನಾನು ಎಂಟು ವರ್ಷದವನಿದ್ದಾಗ ಅಜ್ಜನ ಕವಳದ ತಟ್ಟೆಯಿಂದ ಕದ್ದು ತಿಂದು ಜಗಲಿ ಕಂಬ ಹಿಡಿದುಕೊಂಡು ಕೂತಿದ್ದೆ. ಅಜ್ಜಿ ಬೆಲ್ಲ, ತಣ್ಣೀರು ಕೊಟ್ಟು ‘ಸೊಕ್ಕಿತಾ? ಇನ್ನು ಕದೀತ್ಯಾ?’ ಅಂದಿದ್ದರು. ಅದರಲ್ಲಿ ಅಹಂಕಾರದ ಮಾತೇ ಇಲ್ಲ, ಬರೀ ತಲೆ ತಿರುಗಿದ್ದು. ಅಡಿಕೆಯಲ್ಲಿರೋ ಅರೆಕೋಲಿನ್ ಅನ್ನೋ ರಾಸಾಯನಿಕ ಮಾಡೋ ಕೆಲಸ ಅದು.

ಗೋಡೆಗುಬ್ಬಿ
ಅಯ್ಯೋ ಹೌದು! ಇದನ್ನು ನಾನೂ ಕೇಳಿದ್ದೀನಿ, ಎರಡೂ ಒಂದೇ ಪದ ಅಂತ ಇವತ್ತಿನವರೆಗೂ ಹೊಳೆದಿರಲಿಲ್ಲ.

ಮಂಡ್ಯ_ಆಲೆಮನೆ
ನಮ್ ಕಡೆ ಬತ್ತಕ್ಕೂ ಅಂತೀವಿ ಕಣಕ್ಕ. ಯೂರಿಯಾ ಜಾಸ್ತಿ ಸುರುದ್ರೆ ಪೈರು ಕಡುಹಸ್ರಾಗಿ ಎದೆಮಟ್ಟ ಎದ್ದುಬತ್ತದೆ, ನೋಡೋಕೆ ಚೆಂದ. ಆದ್ರೆ ತೆನೆ ಜೊಳ್ಳು, ಒಂದು ಮಳೆ ಗಾಳಿ ಬಂದ್ರೆ ಮಲಗ್ಬುಡ್ತದೆ. ‘ಪೈರು ಸೊಕ್ಕೋಯ್ತು’ ಅಂತಾರೆ ನಮ್ಮಪ್ಪ. ತಿಂದಿದ್ದು ಜಾಸ್ತಿ ಆಗಿ ಕೆಲ್ಸಕ್ಕೆ ಬರ್ದಂಗಾಗೋದು. ಮನುಷ್ಯರಿಗೂ ಅದೇ ಅಲ್ವಾ ಅನ್ನೋದು?

ಬಿಸಿಲ_ಕುದುರೆ
ಈ ಭತ್ತದ ಉದಾಹರಣೆ ಬಂಗಾರ. ‘ಕೊಬ್ಬು’ ಕೂಡ ಹೀಗೇ ಅಲ್ವಾ? ಮೈಯಲ್ಲಿರೋ ಕೊಬ್ಬೇ ಮಾತಿನ ಕೊಬ್ಬಾಯ್ತು. ಕನ್ನಡದವರ ಲೆಕ್ಕದಲ್ಲಿ ಗರ್ವ ಹುಟ್ಟೋದು ಹೊಟ್ಟೆಯಲ್ಲಿ. ‘ತಿಂದದ್ದು ಹೆಚ್ಚಾಗಿದೆ’, ‘ಕೂಳು ಕೊಬ್ಬಿದೆ’ ಅಂತ ತಾನೆ ಬೈಯೋದು.

ಪುಣೆ_ಕನ್ನಡಿಗ
ಹೊಟ್ಟೆಯಲ್ಲಿ ಮಾತ್ರ ಅಂತ ಹೇಳಬೇಡಿ, ತಲೆಯಲ್ಲೂ ಹುಟ್ಟುತ್ತೆ. ‘ಧಿಮಾಕು’ ತಗೊಳ್ಳಿ. ಅರಬ್ಬಿಯಲ್ಲಿ ದಿಮಾಗ್ ಅಂದರೆ ಮಿದುಳು. ಪಾರಸಿ, ಉರ್ದು ದಾರಿಯಲ್ಲಿ ನಮ್ಮ ಕಡೆ ಬರೋ ಹೊತ್ತಿಗೆ ಅದಕ್ಕೆ ಗರ್ವ ಅನ್ನೋ ಅರ್ಥ ಅಂಟಿಕೊಂಡಿತ್ತು. ಸೋಜಿಗ ಏನಂದ್ರೆ ಮರಾಠಿಯಲ್ಲಿ ‘ದಿಮಾಖ್’ ಅಂದರೆ ವೈಭವ, ಠಾಕುಠೀಕು. ಇಲ್ಲಿ ಮದುವೆ ಮೆರವಣಿಗೆ ‘ದಿಮಾಖದಾರ್’ ಆಗಿತ್ತು ಅಂದ್ರೆ ಹೊಗಳಿಕೆ! ಹೊಸದಾಗಿ ಬಂದಾಗ ನನ್ನ ಸಹೋದ್ಯೋಗಿ ನನ್ನ ಮನೆ ಗೃಹಪ್ರವೇಶಕ್ಕೆ ಆ ಮಾತು ಹೇಳಿದರು. ನಾನು ಎರಡು ದಿನ ಮುಖ ಊದಿಸಿಕೊಂಡಿದ್ದೆ.

ಧಾರವಾಡ_ಫೇಡೆ
ಹಂಗಾರ ಮಸ್ತಿನೂ ಹೇಳ್ಬೇಕ್ರಿ. ನಮ್ಮ ಕಡೆ ‘ಊಟ ಮಸ್ತ್ ಇತ್ತು’ ಅಂದ್ರ ಭೇಷ್ ಅಂತ ಅರ್ಥ. ಅದೇ ‘ಮಸ್ತಿ ಬಂದೈತೇನಲೇ?’ ಅಂದ್ರ ಸೊಕ್ಕು ಬಂದೈತೇನು ಅಂತ. ಒಂದs ಪದ, ಎರಡು ಏಟು.

ನಿಘಂಟು_ಹುಳ
ಫೇಡೆಯವರು ಗೊತ್ತಿಲ್ಲದೇ ಚಿನ್ನದ ಗಣಿಗೇ ಕೈ ಹಾಕಿದ್ರು. ಪಾರಸಿಯಲ್ಲಿ ‘ಮಸ್ತ್’ ಅಂದರೆ ಕುಡಿದು ಅಮಲೇರಿದವ. ಆನೆಯ ಮದಕ್ಕೆ ಹಿಂದಿ, ಉರ್ದುವಿನಲ್ಲಿ ಮಸ್ತಿ, ಇಂಗ್ಲಿಷಿನವರೂ ಅದನ್ನೇ ‘ಮಸ್ತ್’ ಅಂತ ಒಯ್ದರು. ಸಂಸ್ಕೃತದ ಮದ, ಮತ್ತ, ಮದ್ಯ ಮತ್ತು ಪಾರಸಿಯ ಮಸ್ತ್ ಒಂದೇ ಬೇರಿನವು. ಕನ್ನಡದ ಸೊಕ್ಕು ಬೇರೆಯದೇ ಕುಲ, ದ್ರಾವಿಡದ್ದು. ಆದರೂ ಮೂರೂ ಪದಗಳು ಒಂದೇ ಮೂರು ಮನೆ ಸುತ್ತಿವೆ ನೋಡಿ: ಕುಡಿದವನ ಅಮಲು, ಆನೆಯ ಮದ, ಮನುಷ್ಯನ ಗರ್ವ. ಒಂದರಿಂದ ಇನ್ನೊಂದು ಕದ್ದದ್ದಲ್ಲ. ಆನೆ ನೋಡಿದ ಜನ ಎಲ್ಲರೂ ಹೀಗೇ ಯೋಚಿಸಿದ್ದಾರೆ.

ಹೊಸೂರು_ಗಡಿ
ತಮಿಳಲ್ಲೂ ‘ಸೊಕ್ಕು’ ಇದೆ, ಆದರೆ ಅಲ್ಲಿ ಮರುಳಾಗೋದು, ಮೋಡಿಗೆ ಬೀಳೋದು. ‘ಸೊಕ್ಕುಪ್ಪೊಡಿ’ ಅಂದ್ರೆ ಮರುಳು ಮಾಡೋ ಪುಡಿ, ನಮ್ಮ ಮಂಕುಬೂದಿ ಇದ್ದ ಹಾಗೆ. ಗರ್ವಕ್ಕೆ ಅವರು ‘ತಿಮಿರು’ ಅಂತಾರೆ. ನನ್ನ ಹೆಂಡತಿ ತಮಿಳಿನವರು, ನಾನು ‘ನಿಂಗೆ ಸೊಕ್ಕು’ ಅಂದ್ರೆ ನಾಚ್ಕೊಂಡಿದ್ದರು ಮದುವೆಯಾದ ಹೊಸದರಲ್ಲಿ.

ಸಿನಿಮಾ_ಬಾಲ್ಕನಿ
ಪೊಗರು ಬಗ್ಗೆ ಯಾರೂ ಹೇಳಲೇ ಇಲ್ಲ! ಅದೂ ಅಚ್ಚಗನ್ನಡ ತಾನೇ?

ನಿಘಂಟು_ಹುಳ
ಪದ ಹಳತು. ಆದರೆ ಹಳಗನ್ನಡದಲ್ಲಿ ‘ಪೊಗರ್’ ಅಂದರೆ ಹೊಳಪು, ಕಾಂತಿ. ಪಾಲು ಹಾಲಾದ ಹಾಗೆ, ಪೂವು ಹೂವಾದ ಹಾಗೆ ಅದೂ ‘ಹೊಗರು’ ಆಗಬೇಕಿತ್ತು, ಆಯಿತು ಕೂಡ. ಈಗ ಬಾಯಲ್ಲಿರೋ ಪೊಗರಿನಲ್ಲಿ ಪಕಾರ ಹಾಗೇ ಉಳಿದಿದೆ. ತೆಲುಗಿನಲ್ಲಿ ‘ಪೊಗರು’ ಅಂದರೆ ನೇರವಾಗಿ ಗರ್ವ. ಗರ್ವದ ಅರ್ಥ ಆ ಕಡೆಯಿಂದ ವಾಪಸ್ ಬಂದದ್ದು ಅನ್ನೋದು ನನ್ನ ಅಭಿಪ್ರಾಯ.

ಕೆಂಪುಮಣ್ಣು
ಎಲ್ಲ ಸರಿ, ಚೆನ್ನಾಗಿದೆ ಚರ್ಚೆ. ಆದರೆ ಒಂದು ಮಾತು. ಪದ ಎಷ್ಟು ಹಳೇದು ಅನ್ನೋದರಿಂದ ಅದು ಯಾರನ್ನು ಚುಚ್ಚುತ್ತೆ ಅನ್ನೋದು ಮರೆಯಾಗಬಾರದು.

ನಮ್ಮಮ್ಮ ಚಿಕ್ಕಮಗಳೂರು ಕಡೆ ಕಾಫಿ ತೋಟದಲ್ಲಿ ಕೂಲಿ ಮಾಡ್ತಿದ್ರು. ಹಣ್ಣು ಕೊಯ್ಲಿನ ಕಾಲದಲ್ಲಿ ಒಂದು ವರ್ಷ ಹೆಂಗಸರೆಲ್ಲ ಸೇರಿ ಕೂಲಿ ಹೆಚ್ಚಿಸಿ ಅಂತ ಕೇಳಿದರು. ಸಾಹುಕಾರರು ಬೈಲಿಲ್ಲ, ಕೂಗಾಡಲಿಲ್ಲ. ‘ಏನು, ಸೊಕ್ಕು ಬಂತಾ ನಿಮಗೆ?’ ಅಂತ ಒಂದೇ ಮಾತು ಕೇಳಿದರು. ನಾನು ಅಮ್ಮನ ಸೆರಗು ಹಿಡಿದು ನಿಂತಿದ್ದೆ. ಅವತ್ತು ಅಮ್ಮ ಬೆಳಿಗ್ಗೆ ತಿಂದದ್ದು ಅರ್ಧ ರೊಟ್ಟಿ. ಭತ್ತ ಸೊಕ್ಕುತ್ತೆ, ಆನೆ ಸೊಕ್ಕುತ್ತೆ, ಹೊಟ್ಟೆ ತುಂಬಿದ್ದಕ್ಕೆ ಅಂತ ಮೇಲೆ ಬರೆದಿದ್ದೀರಿ. ಹಸಿದವರಿಗೆ ಈ ಪದ ಯಾಕೆ ಬಳಸ್ತಾರೆ ಹೇಳಿ?

ಗಮನಿಸಿ ನೋಡಿ, ಸೊಕ್ಕು ಅನ್ನೋದು ಮೇಲಿನವರು ಕೆಳಗಿನವರಿಗೆ ಹೇಳೋ ಪದ. ಅತ್ತೆ ಸೊಸೆಗೆ, ಒಡೆಯ ಆಳಿಗೆ. ಗಂಡುಮಗ ಎದುರು ಮಾತಾಡಿದ್ರೆ ‘ಏನು ಗತ್ತು ನೋಡು’, ಹೆಣ್ಣುಮಗಳು ಅದನ್ನೇ ಮಾಡಿದ್ರೆ ‘ಸೊಕ್ಕು’. ಒಡೆಯನ ನಡಿಗೆ ಠೀವಿ, ಆಳಿನ ನಡಿಗೆ ಸೊಕ್ಕು.

ಬಿಸಿಲ_ಕುದುರೆ
ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಮಂಡ್ಯ_ಆಲೆಮನೆ
ನಿಮ್ ಅಮ್ಮನ ವಿಚಾರ ಓದಿ ಸಂಕಟ ಆಯ್ತು. ಆದ್ರೆ ಪೂರ್ತಿ ಒಪ್ಪಕಾಗಲ್ಲ. ನಮ್ಮೂರಲ್ಲಿ ಚುನಾವಣೆ ಬಂದ್ರೆ ಅರಳಿಕಟ್ಟೆ ಮೇಲೆ ಕೂತು ‘ಗೆದ್ದವ್ನಿಗೆ ಸೊಕ್ಕು ಬಂದದೆ, ಈ ಸಲ ಇಳುಸ್ಬೇಕು’ ಅಂತಾನೇ ಮಾತಾಡದು. ಮೇಲಿನವ್ರಿಗೂ ಅಂತೀವಿ.

ಕೆಂಪುಮಣ್ಣು
ಅಂತೀವಿ ಅಣ್ಣಾ, ಅವರ ಬೆನ್ನ ಹಿಂದೆ. ಮುಖ ನೋಡಿ ಹೇಳೋಕೆ ಆಗುತ್ತಾ? ಮುಖಕ್ಕೆ ಹೇಳೋ ಧೈರ್ಯ ಇರೋದು ಮೇಲಿಂದ ಕೆಳಗೆ ಮಾತ್ರ.

ಕರಿಹಲಗೆ
ನಾನು ಇಪ್ಪತ್ತಾರು ವರ್ಷದಿಂದ ಪ್ರೌಢಶಾಲೆಯಲ್ಲಿ ಕನ್ನಡ ಹೇಳಿಕೊಡ್ತಿದ್ದೇನೆ. ಆ ಶಿಕ್ಷಕರ ಪರವಾಗಿ ಒಂದೆರಡು ಮಾತು ಹೇಳ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಕೆಂಪುಮಣ್ಣು ಹೇಳಿದ ಕಾರಣಕ್ಕೇ ಎಷ್ಟೋ ಶಿಕ್ಷಕರು ಈ ಪದವನ್ನು ತರಗತಿಯಲ್ಲಿ ಬೇಡ ಅಂತಾರೆ. ಮಕ್ಕಳು ಒಬ್ಬರಿಗೊಬ್ಬರು ಜಗಳದಲ್ಲಿ ಎಸೆಯೋ ಪದ ಇದು.

ಆದರೂ ಅಂಕ ಕಳೆದದ್ದು ತಪ್ಪು. ‘ಗರ್ವ’ಕ್ಕೆ ‘ಅಹಂಕಾರ’ ಬರೆದರೆ ಒಂದು ಸಂಸ್ಕೃತ ಪದಕ್ಕೆ ಇನ್ನೊಂದು ಸಂಸ್ಕೃತ ಪದ ಕೊಟ್ಟ ಹಾಗಾಯ್ತು. ಮಗು ತನ್ನ ಮನೆಯ ಪದ ತಂದು ಅರ್ಥ ಹೇಳಿದೆ ಅಂದರೆ ಅದಕ್ಕೆ ನಿಜವಾಗಿ ಅರ್ಥ ಆಗಿದೆ ಅಂತ. ನಾನಾಗಿದ್ದರೆ ಸರಿ ಹಾಕಿ, ಪಕ್ಕದಲ್ಲಿ ‘ಯಾರಿಗೆ ಹೇಳುವ ಮಾತು? ಯೋಚಿಸು’ ಅಂತ ಬರೀತಿದ್ದೆ.

ಇನ್ನೊಂದು. ಮೂಲ ಪ್ರಶ್ನೆಯಲ್ಲಿ ವ್ಯತ್ಯಾಸ ಕೇಳಿದ್ದರಲ್ಲ. ಪದದ ಜೊತೆ ಯಾವ ಕ್ರಿಯಾಪದ ಬರುತ್ತೆ ನೋಡಿದರೆ ವ್ಯತ್ಯಾಸ ತಾನೇ ಕಾಣುತ್ತೆ. ಸೊಕ್ಕು ಮುರೀತಾರೆ, ಅಡಗಿಸ್ತಾರೆ. ಕೊಬ್ಬು ಕರಗಿಸ್ತಾರೆ. ಜಂಬ ಕೊಚ್ಚಿಕೊಳ್ತಾರೆ. ಧಿಮಾಕು ತೋರಿಸ್ತಾರೆ. ಜಂಬ ಬಾಯಲ್ಲಿದೆ, ಧಿಮಾಕು ನೋಟದಲ್ಲಿದೆ, ಸೊಕ್ಕು ಇಡೀ ಮೈಯಲ್ಲಿದೆ. ಅಹಂಕಾರ ಮಾತ್ರ ಒಳಗಿನದು. ‘ನಾನು’ ಅನ್ನೋದರಿಂದ ಹುಟ್ಟಿದ್ದು, ಸದ್ದಿಲ್ಲದೆಯೂ ಇರಬಲ್ಲದು. ಹಮ್ಮು ಅನ್ನೋದೂ ಆ ‘ಅಹಂ’ನಿಂದಲೇ ಆದದ್ದು.

ಕರಾವಳಿ_ಗಾಳಿ
ಮೇಷ್ಟ್ರೇ, ಜಂಬವೋ ಜಂಭವೋ? ನಮ್ಮ ಮನೆಯಲ್ಲಿ ಇದಕ್ಕೆ ಯಾವಾಗಲೂ ಜಗಳ ಮಾರಾಯ್ರೆ.

ಕರಿಹಲಗೆ
ಎರಡೂ ಅಚ್ಚಾಗ್ತಿವೆ. ಸಂಸ್ಕೃತದ ‘ಜಂಭ’ ಅಂದರೆ ಹಲ್ಲು, ದವಡೆ. ಆ ಹೆಸರಿನ ಅಸುರನನ್ನು ಕೊಂದದ್ದಕ್ಕೆ ಇಂದ್ರನಿಗೆ ಜಂಭಾರಿ ಅಂತ ಹೆಸರು. ನಮ್ಮ ಒಣಜಂಬಕ್ಕೂ ಹಲ್ಲಿಗೂ ನಂಟಿಲ್ಲ. ಹಾಗಾಗಿ ನಾನು ಅಲ್ಪಪ್ರಾಣದಲ್ಲೇ ಬರೀತೇನೆ, ಮಕ್ಕಳು ಮಹಾಪ್ರಾಣದಲ್ಲಿ ಬರೆದರೂ ಅಂಕ ಕಳೆಯಲ್ಲ.

ಕರಾವಳಿ_ಗಾಳಿ
ಆಯ್ತು, ನನ್ನ ಗಂಡ ಗೆದ್ದರು ಅಂತಾಯ್ತು. ನಾವು ಹೆಂಗಸರ ಸಣ್ಣ ಬ್ಯಾಗಿಗೆ ಜಂಬದ ಚೀಲ ಅಂತೇವಲ್ಲ, ಎಷ್ಟು ಚೆಂದ ಪದ ಅದು.

ಕನ್ನಡಿ_ಚೂರು
ಚೆಂದದ ಮಾತು ಬಂತು ಅಂತ ಹೇಳ್ತೀನಿ. ದರ್ಪ ಮತ್ತು ದರ್ಪಣ ಒಂದೇ ಧಾತುವಿನವು. ಯಾವುದು ದರ್ಪ ಹುಟ್ಟಿಸುತ್ತೋ ಅದು ದರ್ಪಣ, ಕನ್ನಡಿ. ನನ್ನ ಬಳಕೆಹೆಸರು ಇಟ್ಟುಕೊಂಡದ್ದೂ ಅದಕ್ಕೇ.

ಹಾಸನ_ಹೇಮೆ
ಆನೆ, ಗರ್ವ ಅಂದ ಕೂಡಲೇ ನನಗೆ ಬಾಹುಬಲಿ ನೆನಪಾದ. ಅಣ್ಣ ಭರತನನ್ನು ಗೆದ್ದೂ ರಾಜ್ಯ ಬಿಟ್ಟು, ಅವನು ಒಂದು ವರ್ಷ ತಪಸ್ಸಿಗೆ ನಿಂತರೂ ಕೇವಲಜ್ಞಾನ, ಅಂದ್ರೆ ಎಲ್ಲವನ್ನೂ ಅರಿಯೋ ಪೂರ್ಣ ಜ್ಞಾನ, ಬರಲಿಲ್ಲ. ತಂಗಿಯರಾದ ಬ್ರಾಹ್ಮಿ, ಸುಂದರಿ ಬಂದು ‘ಅಣ್ಣಾ, ಆನೆ ಮೇಲಿಂದ ಇಳಿ’ ಅಂದರಂತೆ. ನಾನು ನೆಲದ ಮೇಲೆ ನಿಂತಿದ್ದೀನಿ, ಯಾವ ಆನೆ ಅಂತ ಯೋಚಿಸಿದಾಗ ತಾನು ಕೂತಿರೋದು ಅಭಿಮಾನದ ಆನೆ ಮೇಲೆ ಅಂತ ಹೊಳೀತು. ಕಾಲೆತ್ತಿದ ಕೂಡಲೇ ಜ್ಞಾನ ಆಯ್ತು.

ಬೆಳಗೊಳದ_ಮೆಟ್ಟಿಲು
ಒಂದು ತಿದ್ದುಪಡಿ. ಜೈನರಲ್ಲಿ ಎರಡು ಪಂಗಡ ಇವೆ, ತಂಗಿಯರು ಬಂದು ಆನೆಯಿಂದ ಇಳಿ ಅನ್ನೋ ಕಥೆ ಶ್ವೇತಾಂಬರ ಪರಂಪರೆಯದು. ಶ್ರವಣಬೆಳಗೊಳದ್ದು ದಿಗಂಬರ ಪರಂಪರೆ. ನಮ್ಮ ಮನೆಯಲ್ಲಿ ಕೇಳಿ ಬೆಳೆದದ್ದು ಬೇರೆ. ‘ಅಣ್ಣ ಭರತನ ನೆಲದ ಮೇಲೆ ನಿಂತಿದ್ದೀನಲ್ಲ’ ಅನ್ನೋ ಮುಳ್ಳು ಅವನ ಮನಸ್ಸಿನಲ್ಲಿ ಉಳಿದಿತ್ತು, ಭರತನೇ ಬಂದು ನಮಿಸಿದಾಗ ಅದು ಕಳಚಿತು ಅಂತ. ಕಥೆ ಯಾವುದಾದರೂ ಗೆದ್ದ ಮೇಲೂ ಬಿಡದ ಮಾನ ಅದು. ಸೊಕ್ಕು ಅನ್ನೋಕೆ ನನಗೆ ಬಾಯಿ ಬರಲ್ಲ.

ಜೈನರಲ್ಲಿ ಮದ ಎಂಟು ಬಗೆ ಅಂತ ಲೆಕ್ಕ: ಜ್ಞಾನ, ಪೂಜೆ, ಕುಲ, ಜಾತಿ, ಬಲ, ಸಂಪತ್ತು, ತಪಸ್ಸು, ದೇಹ. ತಪಸ್ಸು ಮಾಡ್ತೀನಿ ಅನ್ನೋದರಿಂದಲೂ ಮದ ಬರುತ್ತೆ ಅಂತ ಪಟ್ಟಿಯಲ್ಲೇ ಸೇರಿಸಿದ್ದಾರೆ.

ಬಿಸಿಲ_ಕುದುರೆ
ವೀರಶೈವರ ಅಷ್ಟಮದದಲ್ಲೂ ಕುಲ, ಛಲ, ಧನ, ರೂಪ, ಯೌವನ, ವಿದ್ಯೆ, ರಾಜ್ಯ, ತಪ ಅಂತ ಬರುತ್ತೆ. ಎರಡು ಪಟ್ಟಿಯಲ್ಲೂ ತಪಸ್ಸು ಇದೆ, ಎರಡರಲ್ಲೂ ಕುಲ ಇದೆ. ಆದರೆ ಕೂಲಿ ಕೇಳಿದ್ದಕ್ಕೆ ಬರೋ ಮದ ಅಂತ ಎಲ್ಲೂ ಇಲ್ಲ, ಕೆಂಪುಮಣ್ಣು.

ಕೆಂಪುಮಣ್ಣು
ಈ ಮಾತು ಅಮ್ಮನಿಗೆ ಓದಿ ಹೇಳ್ತೀನಿ.

ಕುಶಾಲನಗರ_ಹೊಳೆ
ನಮ್ಮ ಮನೆ ದುಬಾರೆ ಆನೆ ಬಿಡಾರಕ್ಕೆ ಹತ್ತಿರ, ಕಾವೇರಿ ಈಚೆ ದಂಡೆ. ಮದ ಮದ ಅಂತ ಎಲ್ಲರೂ ಹೇಳ್ತಿದ್ದೀರಿ, ಕಣ್ಣಾರೆ ನೋಡಿದ್ದನ್ನು ಹೇಳ್ತೀನಿ. ಗಂಡಾನೆಯ ಕಣ್ಣಿಗೂ ಕಿವಿಗೂ ನಡುವೆ ಒಂದು ಗ್ರಂಥಿ ಇದೆ. ಮದ ಬಂದಾಗ ಅಲ್ಲಿಂದ ಎಣ್ಣೆಯಂಥ ನೀರು ಇಳಿದು ಕೆನ್ನೆ ಮೇಲೆ ಕಪ್ಪು ಗೆರೆ ಮೂಡುತ್ತೆ. ನಾತ ದೂರಕ್ಕೇ ಹೊಡೆಯುತ್ತೆ. ವರ್ಷಗಟ್ಟಲೆ ಜೊತೆಗಿದ್ದ ಮಾವುತನ ಮಾತೂ ಕೇಳಲ್ಲ. ಜನ ಬರೋ ಜಾಗದಿಂದ ದೂರ ಮರಕ್ಕೆ ಸರಪಳಿ ಹಾಕಿ ಕಟ್ತಾರೆ. ಮಾವುತ, ಅವನ ಸಹಾಯಕ ಕಾವಾಡಿ ಇಬ್ಬರೂ ಸೊಪ್ಪನ್ನು ದೂರದಿಂದಲೇ ಎಸೀತಾರೆ. ಕೆಲವು ವಾರ ಇರಬಹುದು, ಕೆಲವಕ್ಕೆ ತಿಂಗಳುಗಟ್ಟಲೆ.

ಮಂಡ್ಯದವರು ಹೇಳಿದ್ದು ಇಲ್ಲೂ ನಿಜ. ಮೈ ತುಂಬಿಕೊಂಡ ಆನೆಗೇ ಮದ ಚೆನ್ನಾಗಿ ಬರೋದು. ಸೊರಗಿದ ಆನೆಗೆ ಬರದೇ ಹೋಗಬಹುದು. ಆದರೆ ಮಾವುತರು ಅದನ್ನು ಬೈಯೋದು ನಾನು ಕೇಳಿಲ್ಲ. ‘ಅದರ ತಪ್ಪಲ್ಲ, ಕಾಲ ಬಂದಿದೆ’ ಅಂತಾರೆ.

ಅಡಿಕೆತೋಟ
ಹೊಸೂರಿನವರೇ, ನಿಮ್ಮ ಹೆಂಡತಿಗೆ ನಿಜ ಅರ್ಥ ಗೊತ್ತಾದದ್ದು ಯಾವಾಗ?

ಹೊಸೂರು_ಗಡಿ
ನಮ್ಮಮ್ಮ ಊರಿಂದ ಬಂದು ಕರುಗೆ ಬೈದ ದಿನ.

ಗೋಡೆಗುಬ್ಬಿ
ಎಲ್ಲರಿಗೂ ಕೈ ಮುಗೀತೀನಿ. ಇದನ್ನೆಲ್ಲ ಮಗಳ ಜೊತೆ ಕೂತು ಓದಿದೆ. ಕೆಂಪುಮಣ್ಣು ಬರೆದದ್ದನ್ನು ಎರಡು ಸಲ ಓದಿಸಿಕೊಂಡಳು. ನಿನ್ನೆ ಶಾಲೆಗೆ ಹೋಗಿ ಶಿಕ್ಷಕಿಯನ್ನು ಕಂಡೆ. ಜಗಳಕ್ಕೆ ಹೋಗಿರಲಿಲ್ಲ, ಅವರೂ ಜಗಳ ಮಾಡಲಿಲ್ಲ. ಚಿಕ್ಕವರಿದ್ದಾಗ ತಮ್ಮ ಮನೆಯಲ್ಲಿ ಓದಬೇಕು ಅಂತ ಹಟ ಹಿಡಿದಾಗಲೆಲ್ಲ ಈ ಪದ ಕೇಳಿ ಕೇಳಿ ಸಾಕಾಗಿತ್ತಂತೆ, ಪೆನ್ನು ತಾನೇ ಓಡಿತು ಅಂದರು. ಅರ್ಧ ಅಂಕ ವಾಪಸ್ ಹಾಕಿದರು. ಅಡಿಕೆ, ಭತ್ತ, ಆನೆ ಮೂರನ್ನೂ ತರಗತಿಯಲ್ಲಿ ಹೇಳು ಅಂತ ಮಗಳಿಗೆ ಹೇಳಿದ್ದಾರೆ, ಸೋಮವಾರ ಹೇಳ್ತಾಳೆ.

ಅವಳದ್ದು ಒಂದು ಪ್ರಶ್ನೆ ಉಳಿದಿದೆ, ಕುಶಾಲನಗರದವರಿಗೆ: ಸೊಕ್ಕು ಇಳಿದ ಮೇಲೆ ಆನೆ ಏನು ಮಾಡುತ್ತೆ?

ಕುಶಾಲನಗರ_ಹೊಳೆ
ಮದದ ದಿನಗಳಲ್ಲಿ ಸರಿಯಾಗಿ ತಿನ್ನಲ್ಲ ಪುಟ್ಟಿ, ಮೈ ಇಳಿದಿರುತ್ತೆ. ಕೆನ್ನೆ ಮೇಲಿನ ಗೆರೆ ಒಣಗಿದ ಮೇಲೆ ಒಂದು ದಿನ ಮಾವುತ ಹತ್ತಿರ ಹೋಗಿ ಹೆಸರು ಹಿಡಿದು ಕರೀತಾರೆ. ಕಿವಿ ಅಲ್ಲಾಡಿಸಿದರೆ ಸರಪಳಿ ಬಿಚ್ಚಿ ಹೊಳೆಗೆ ಕರಕೊಂಡು ಬರ್ತಾರೆ. ಅದು ನೀರಲ್ಲಿ ಪಕ್ಕಕ್ಕೆ ಮಲಗುತ್ತೆ, ಇವರು ಬ್ರಷ್ ಹಿಡಿದು ಬೆನ್ನು ಉಜ್ಜೋಕೆ ಶುರು ಮಾಡ್ತಾರೆ.